ಹಳೇ ಬ್ರೇಕ್ ವೈರಿನಲ್ಲಿ ಸೈಕಲ್ ಕ್ಯಾಮೆರಾದ ನಡುಕ ನಿಲ್ಲಿಸಿದ್ದು

ಮೋಟರ್ ಇಲ್ಲ, ಬ್ಯಾಟರಿ ಇಲ್ಲ, ಚಾರ್ಜಿಂಗ್ ರಗಳೆ ಇಲ್ಲ. ಆದರೂ ಚಾಮುಂಡಿ ಬೆಟ್ಟ ಇಳಿಯುವಾಗ ತೆಗೆದ ವಿಡಿಯೋದಲ್ಲಿ ಕೆಳಗಿನ ಮೈಸೂರು ಅಲುಗಾಡದೆ ಕೂತಿದೆ. "ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟರ್ ಸಾಧನ) ತಗೊಳ್ಳೋದು ಬಿಟ್ಟು ಇದೇನು ಗುಜರಿ ಕೆಲಸ ಮಾರಾಯ" ಎಂದು ನಗುತ್ತಿದ್ದ ನಮ್ಮ ಭಾನುವಾರದ ಸೈಕಲ್ ಗುಂಪಿನವರೇ ಈಗ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು, ಅದಕ್ಕೇ ಬರೆದೆ.

ಮೊದಲು ಕೈಕೊಟ್ಟವುಗಳ ಲೆಕ್ಕ. ಎಲ್ಲರ ಹಾಗೆ ನಾನೂ ಹವಾಯಿ ಚಪ್ಪಲಿ ಕತ್ತರಿಸಿ ಕ್ಲ್ಯಾಂಪಿನ ಕೆಳಗೆ ಕೊಟ್ಟೆ. ಪ್ರಯೋಜನ ಸೊನ್ನೆ. ಕ್ಯಾಮೆರಾದ ತೂಕ 120 ಗ್ರಾಂ ಆಸುಪಾಸು. ಅಷ್ಟು ಹಗುರದ್ದರ ಕೆಳಗೆ ಆ ರಬ್ಬರು ಬಗ್ಗುವುದೇ ಇಲ್ಲ. ಆಮೇಲೆ ಸ್ಪ್ರಿಂಗ್. ಸಣ್ಣ ನಡುಕ ಹೋಯಿತು, ನಿಜ. ಆದರೆ ಒಂದು ಹಂಪ್ ದಾಟಿದರೆ ಮುಂದಿನ ಹಂಪ್ ಬರುವ ತನಕ ಕುಣಿಯುತ್ತಲೇ ಇತ್ತು. ತೂಗುಹಾಕಿಯೂ ನೋಡಿದೆ. ತಿರುವಿನಲ್ಲಿ ಸೈಕಲ್ ವಾಲಿದರೆ ಅದೂ ವಾಲುತ್ತದೆ, ತಿರುವು ಮುಗಿದ ಮೇಲೂ ತೂಗಾಟ ನಿಲ್ಲುವುದಿಲ್ಲ.

ದುಡ್ಡು ನುಂಗಿದ್ದು ಮೋಟರ್ ಗಿಂಬಲ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಲೆದು ಬ್ರಶ್‌ಲೆಸ್ ಮೋಟರ್, ಕಂಟ್ರೋಲರ್ ಬೋರ್ಡ್, ಸೆನ್ಸರ್, ಬ್ಯಾಟರಿ ಎಲ್ಲ ತಂದೆ. ನಾಲ್ಕೂವರೆ ಸಾವಿರದ ಹತ್ತಿರ ಆಯಿತು. ಮನೆಯ ಮೇಜಿನ ಮೇಲೆ ಅದ್ಭುತ. ರಸ್ತೆಗಿಳಿದರೆ, ದೊಡ್ಡ ಗುಂಡಿ ಬಂದಾಗಲೆಲ್ಲ ಮೋಟರ್ ಹಿಡಿತ ಬಿಟ್ಟು ಕ್ಯಾಮೆರಾ ಆಕಾಶ ನೋಡುತ್ತಿತ್ತು. ಅದೂ ಅಲ್ಲದೆ ಗಿಂಬಲ್ ಸರಿಮಾಡುವುದು ತಿರುಗುವ, ವಾಲುವ ಅಲುಗಾಟವನ್ನು. ಮೇಲೆ-ಕೆಳಗೆ ಕುಕ್ಕುವುದಕ್ಕೆ ಅದರ ಹತ್ತಿರ ಮದ್ದಿಲ್ಲ. ನಮ್ಮ ರಸ್ತೆಗಳಲ್ಲಿ ಇರುವುದೇ ಕುಕ್ಕಾಟ!

"ಸಾಫ್ಟ್‌ವೇರ್ ಇದೆಯಲ್ಲ" ಎನ್ನುತ್ತೀರಿ. ತೆಗೆದ ವಿಡಿಯೋದ ನಡುಕ ಸರಿಮಾಡುವ ಗೈರೋಫ್ಲೋ ನಾನೂ ಬಳಸುತ್ತೇನೆ, ಪುಕ್ಕಟೆ ಬೇರೆ. ಆದರೆ ಸಂಜೆ ಬೆಳಕಿನಲ್ಲಿ ಶಟರ್ ನಿಧಾನ ಆದಾಗ ಒಂದೊಂದು ಫ್ರೇಮೂ ಕಲಸಿಹೋಗಿರುತ್ತದೆ. ಅದನ್ನು ಕೂರಿಸಿ ಏನು ಬಂತು? ಲೆನ್ಸಿಗೆ ತಲುಪುವ ಮೊದಲೇ ನಡುಕ ಸಾಯಬೇಕು. ಮೊಬೈಲ್ ಕಟ್ಟುವವರಂತೂ ಹುಷಾರು. ಬೈಕ್ ಎಂಜಿನ್ನಿನ ಜೋರು ನಡುಕಕ್ಕೆ ಐಫೋನ್ ಕ್ಯಾಮೆರಾ ಕೆಡಬಹುದು ಎಂದು 2021ರಲ್ಲಿ ಆಪಲ್ ಕಂಪನಿಯೇ ಹೇಳಿತ್ತು.

ಕಾರ್ಖಾನೆಗಳಲ್ಲಿ ಮೆಷಿನ್ ಕೆಳಗೆ ಉಕ್ಕಿನ ಹಗ್ಗದ ಸುರುಳಿ ಹಾಕುತ್ತಾರಲ್ಲ, ವೈರ್ ರೋಪ್ ಐಸೋಲೇಟರ್, ದಾರಿ ತೋರಿಸಿದ್ದು ಅದೇ. ಎಳೆಗಳು ಒಂದಕ್ಕೊಂದು ಉಜ್ಜಿಕೊಂಡು ಕುಣಿತವನ್ನು ಅಲ್ಲೇ ಅಡಗಿಸುತ್ತವೆ. ಸೈಕಲ್ ಬ್ರೇಕ್ ವೈರೂ ಅದೇ ಜಾತಿ ಅಲ್ವಾ? ಅಂಗಡಿಗೆ ಹೋಗಿ ಬಿಸಾಕಿದ ವೈರ್ ಕೇಳಿದೆ. "ಏನ್ ಸಾರ್, ಬಟ್ಟೆ ಒಣಹಾಕೋಕಾ?" ಎಂದು ಒಂದು ಹಿಡಿ ಹಾಗೇ ಕೊಟ್ಟರು.

ಎರಡು ಅಲ್ಯೂಮಿನಿಯಂ ಪಟ್ಟಿ. ಕೆಳಗಿನದು ಹ್ಯಾಂಡಲ್ಲಿಗೆ, ಮೇಲಿನದು ಕ್ಯಾಮೆರಾಕ್ಕೆ. ನಡುವೆ ನಾಲ್ಕು ಮೂಲೆಗೂ ವೈರನ್ನು ಬಾಗಿಸಿ ಬೋಲ್ಟು. ವೈರ್ ಕತ್ತರಿಸುವ ಜಾಗಕ್ಕೆ ಮೊದಲು ಫೆವಿಕ್ವಿಕ್ ಬಿಟ್ಟು ಒಣಗಿಸಿ. ಇಲ್ಲದಿದ್ದರೆ ಎಳೆ ಬಿಚ್ಚಿಕೊಂಡು ಬೆರಳಿಗೆ ಚುಚ್ಚುತ್ತದೆ, ಕೂದಲಿನಷ್ಟು ಸಣ್ಣ ಮುಳ್ಳು, ಕಣ್ಣಿಗೂ ಕಾಣಲ್ಲ. ತುಕ್ಕು ಹಿಡಿದ ವೈರ್ ಬೇಡ, ಬಿಗಿದುಕೊಂಡು ಬಿಡುತ್ತದೆ.

ಇಷ್ಟಕ್ಕೇ ಆಗಲಿಲ್ಲ. ಜನ ಮೂಗು ಮುರಿದದ್ದು ಮುಂದಿನ ಹೆಜ್ಜೆಗೆ: ತೂಕ ಹೆಚ್ಚಿಸಿದ್ದು. ಮೇಲಿನ ಪಟ್ಟಿಗೆ ಅಡ್ಡಲಾಗಿ ಒಂದಡಿ ಥ್ರೆಡ್ ರಾಡ್ ಹಾಕಿ, ಎರಡು ತುದಿಗೂ ವಾಷರ್ ಪೋಣಿಸಿದೆ. ಎಲ್ಲ ಸೇರಿ ಅರ್ಧ ಕೆಜಿಗೆ ಸ್ವಲ್ಪ ಕಡಿಮೆ. "ಸೈಕಲ್ಲಿಗೆ ಯಾರಾದರೂ ಭಾರ ಕಟ್ಟುತ್ತಾರಾ?" ಕಟ್ಟಬೇಕು. ಭಾರ ಇದ್ದರೇ ವೈರ್ ಬಗ್ಗುವುದು. ತೂಕ ತುದಿಯಲ್ಲಿದ್ದರೆ ಪೆಡಲ್ ತುಳಿಯುವಾಗಿನ ಆಚೀಚೆ ವಾಲಾಟವೂ ತಗ್ಗುತ್ತದೆ. ಆದರೆ ರಾಡ್ ಪಟ್ಟಿಯ ಮೇಲಿದ್ದಾಗ ಪ್ರತಿ ಬ್ರೇಕಿಗೂ ಕ್ಯಾಮೆರಾ ಮುಂದಕ್ಕೆ ತಲೆ ಬಗ್ಗಿಸುತ್ತಿತ್ತು. ಅದನ್ನು ಕೆಳಗಿಳಿಸಿ, ಒಟ್ಟು ತೂಕದ ನಡು ಸರಿಯಾಗಿ ವೈರುಗಳ ಮಟ್ಟಕ್ಕೆ ಬರುವ ಹಾಗೆ ಮಾಡಿದೆ. ತಲೆ ಬಗ್ಗಿಸುವುದು ಅವತ್ತೇ ನಿಂತಿತು.

ಬಾಗು ಎಷ್ಟು ಉದ್ದ, ವೈರನ್ನು ಯಾವ ಕೋನಕ್ಕೆ ವಾಲಿಸಿದ್ದೇನೆ ಎನ್ನುವುದನ್ನು ಮಾತ್ರ ಹೇಳಲ್ಲ. ನಿಮ್ಮ ಕ್ಯಾಮೆರಾದ ತೂಕಕ್ಕೆ ಹೇಗೂ ಬೇರೆ ಬರುತ್ತದೆ. ಎಲ್ಲ ಕೊಟ್ಟುಬಿಟ್ಟರೆ ನನಗೇನು ಉಳಿಯಿತು!

ಸುಮ್ನೆ ಒಂದು ಆಟವನ್ನೂ ಆಡಿದೆ. ಕ್ಯಾಮೆರಾ ಬಿಚ್ಚಿ, ಅದೇ ಜಾಗಕ್ಕೆ ಅಂಚಿನ ತನಕ ನೀರು ತುಂಬಿದ ಸ್ಟೀಲ್ ಲೋಟ ಕಟ್ಟಿ, ಕೆಆರ್‌ಎಸ್ ರಸ್ತೆಯಲ್ಲಿ ಸ್ವಲ್ಪ ದೂರ ಹೋದೆ. ಮುಕ್ಕಾಲು ಪಾಲು ಉಳಿದಿತ್ತು. ಪಟ್ಟಿಯನ್ನು ನೇರ ಹ್ಯಾಂಡಲ್ಲಿಗೆ ಬಿಗಿದು ಹೋದರೆ ತಳದಲ್ಲಿ ಒಂದು ಗುಟುಕು. ಟೈರ್ ಗಾಳಿ 60 ಪಿಎಸ್‌ಐ ಇದ್ದದ್ದನ್ನು 45ಕ್ಕೆ ಇಳಿಸಿದಾಗ ಇನ್ನೂ ಚೆನ್ನಾಗಿ ಬಂತು. ನನ್ನದು ಅಗಲ ಟೈರು, ತೆಳು ಟೈರಿನವರು ಇದನ್ನು ಮಾಡಬೇಡಿ, ಗುಂಡಿಗೆ ಬಿದ್ದರೆ ಟ್ಯೂಬ್ ಹೋಗುತ್ತದೆ.

ಒಟ್ಟು ಖರ್ಚು ಮುನ್ನೂರು ರೂಪಾಯಿ ಒಳಗೆ, ಜಾಸ್ತಿ ಹೋದದ್ದು ರಾಡು, ವಾಷರಿಗೆ. ಕ್ಯಾಮೆರಾದಿಂದ ಹ್ಯಾಂಡಲ್ಲಿಗೆ ಸಡಿಲವಾಗಿ ಒಂದು ನೈಲಾನ್ ದಾರ ಇರಲಿ, ಬೋಲ್ಟು ಬಿಚ್ಚಿದರೂ ಕ್ಯಾಮೆರಾ ರಸ್ತೆಗೆ ಬೀಳಲ್ಲ. ನಟ್ಟು ನೈಲಾಕ್ (ಒಳಗೆ ನೈಲಾನ್ ಬಳೆ ಇರುವುದು) ಹಾಕಿ, ಮಾಮೂಲಿ ನಟ್ಟು ಒಂದೇ ಸವಾರಿಗೆ ಸಡಿಲ ಆಗುತ್ತದೆ.

ಮುಂದಿನದು ಹಿಂದಿನ ಕ್ಯಾರಿಯರಿಗೆ. ಅಲ್ಲಿ ಚಕ್ರದ ನೇರ ಮೇಲೆ ಹೊಡೆತ ಜಾಸ್ತಿ, ನಾಲ್ಕು ವೈರು ಸಾಲುತ್ತಿಲ್ಲ, ಎಂಟು ಹಾಕಿ ನೋಡುತ್ತಿದ್ದೇನೆ. ಗುಂಪಿನವರಿಗೆ ಬೇಕಾದರೆ ಮಾಡಿಕೊಡುತ್ತೇನೆ. ಸಾಮಾನಿನ ದುಡ್ಡು ನಿಮ್ಮದು, ಕೂಲಿ ಒಂದು ಮಸಾಲೆ ದೋಸೆ. ಮೊದಲು ನಕ್ಕವರಿಗೆ ಎರಡು.