ಕಂಟ್ರೋಲ್-ಟ್ಯಾಬ್ ಒತ್ತಿದರೆ ಈಗಷ್ಟೇ ಬಿಟ್ಟು ಬಂದ ಪುಟ ಸಿಗಬೇಕು

ಮಂಡ್ಯದ ಕಡೆ ರೈತರ ಅರ್ಜಿ ತುಂಬುವ ಕೆಲಸದಲ್ಲಿ ಬ್ರೌಸರ್‌ನಲ್ಲಿ ಹದಿನೈದಿಪ್ಪತ್ತು ಟ್ಯಾಬ್ ತೆರೆದಿರುವುದು ಮಾಮೂಲು. ಭೂಮಿಯ ಪಹಣಿ, ರೈತರ ನೋಂದಣಿ ತಾಣವಾದ ಫ್ರೂಟ್ಸ್‌ನ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಅರ್ಜಿ ನಮೂನೆ, ಸ್ಕ್ಯಾನ್ ಮಾಡಿದ ಪಾಸ್‌ಬುಕ್, ಮೇಲ್. ಆದರೂ ಒಬ್ಬರ ಅರ್ಜಿ ಮುಗಿಯುವವರೆಗೆ ಕೈ ಓಡಾಡುವುದು ಎರಡು ಮೂರರ ನಡುವೆಯೇ. ಸರ್ವೆ ನಂಬರ್ ನೋಡಿ ನಮೂನೆಗೆ ಬರಬೇಕು, ಹಿಸ್ಸಾಗೆ ಮತ್ತೆ ಪಹಣಿಗೆ ಹೋಗಬೇಕು. ಜಮೀನು ಜಂಟಿ ಖಾತೆಯಾದರೆ ಪಹಣಿಯ ಕಲಂ 3ರ ಒಟ್ಟು ವಿಸ್ತೀರ್ಣವಲ್ಲ, ಕಲಂ 9ರಲ್ಲಿ ಆ ಹೆಸರಿನ ಎದುರಿರುವ ಎಕರೆ-ಗುಂಟೆ ಬೇಕು. ಇಂಥದ್ದನ್ನು ನೆನಪಿನಿಂದ ತುಂಬಬಾರದು.

ಎರಡು ಪುಟಗಳ ನಡುವೆ ಹತ್ತು ಟ್ಯಾಬ್ ಕೂತಿದ್ದರೆ, ಎಡದಿಂದ ಬಲಕ್ಕೆ ಒಂದೊಂದನ್ನೇ ದಾಟುವ ಕಂಟ್ರೋಲ್-ಟ್ಯಾಬ್ ಇದ್ದೂ ಇಲ್ಲದಂತೆ. ಅದಕ್ಕೇ ನಾನು ಫೈರ್‌ಫಾಕ್ಸ್ ಬಳಸುತ್ತೇನೆ. ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಟ್ಯಾಬ್ಸ್ ಭಾಗಕ್ಕೆ ಹೋಗಿ, ಕಂಟ್ರೋಲ್-ಟ್ಯಾಬ್ ಇತ್ತೀಚೆಗೆ ಬಳಸಿದ ಕ್ರಮದಲ್ಲಿ ಸುತ್ತಲಿ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಸಾಕು. ಮೇಲಿನ ಸಾಲಿನಲ್ಲಿ ಟ್ಯಾಬ್‌ಗಳ ಜಾಗ ಬದಲಾಗುವುದಿಲ್ಲ. ಬಳಕೆಯ ಸರದಿಯನ್ನು ಬ್ರೌಸರ್ ಒಳಗೇ ಇಟ್ಟುಕೊಳ್ಳುತ್ತದೆ. ಸಾಲಿನ ಕ್ರಮದಲ್ಲೇ ಸರಿಯಬೇಕಾದಾಗ ಕಂಟ್ರೋಲ್-ಪೇಜ್‌ಡೌನ್ ಇದ್ದೇ ಇದೆ.

ಹೊಸಬರು ಎಡವುವ ಜಾಗ ಒಂದೇ: ಕಂಟ್ರೋಲ್ ಕೀಲಿಯನ್ನು ಯಾವಾಗ ಬಿಡಬೇಕು ಎಂಬುದು. ಪಹಣಿ, ನಮೂನೆ, ಪಾಸ್‌ಬುಕ್ ಮೂರನ್ನು ಇದೇ ಕ್ರಮದಲ್ಲಿ ನೋಡಿದ್ದೀರಿ, ಈಗ ಪಾಸ್‌ಬುಕ್‌ನಲ್ಲಿದ್ದೀರಿ ಎನ್ನಿ. ಒಮ್ಮೆ ಒತ್ತಿ ಬಿಟ್ಟರೆ ನಮೂನೆ ಬರುತ್ತದೆ. ಬಿಟ್ಟ ಕ್ಷಣಕ್ಕೇ ನಮೂನೆ ಸರದಿಯ ತಲೆಗೆ ಹೋಗಿ ಪಾಸ್‌ಬುಕ್ ಎರಡನೆಯದಾಯಿತು. ಮತ್ತೆ ಒತ್ತಿ ಬಿಟ್ಟರೆ ಪಾಸ್‌ಬುಕ್ಕೇ. ಹೀಗೆ ಎಷ್ಟು ಸಲ ಒತ್ತಿದರೂ ಎರಡರ ನಡುವೆಯೇ ಓಲಾಡುತ್ತೀರಿ, ಪಹಣಿ ಸಿಗುವುದೇ ಇಲ್ಲ. ಕಂಟ್ರೋಲ್ ಹಿಡಿದೇ ಟ್ಯಾಬ್ ಕೀಲಿಯನ್ನು ಎರಡು ಸಲ ತಟ್ಟಿ ಆಮೇಲೆ ಬಿಡಬೇಕು. ಹಿಡಿದಿರುವಷ್ಟು ಹೊತ್ತು ಸರದಿ ಕದಲುವುದಿಲ್ಲ. ಸಣ್ಣ ಚಿತ್ರಗಳ ಪಟ್ಟಿ ಎದುರಿಗೇ ಇರುತ್ತದೆ, ದಾಟಿ ಹೋದರೆ ಶಿಫ್ಟ್ ಸೇರಿಸಿ ಹಿಂದಕ್ಕೆ ಬರಬಹುದು.

ನಾಲ್ಕಕ್ಕಿಂತ ಹಿಂದಿನದು ಬೇಕಾದರೆ ತಟ್ಟುತ್ತಾ ಕೂರುವುದು ದಂಡ. ವಿಳಾಸದ ಪಟ್ಟಿಯಲ್ಲಿ % ಹಾಕಿ, ಒಂದು ಸ್ಪೇಸ್ ಬಿಟ್ಟು, ಪುಟದ ಹೆಸರಿನ ನಾಲ್ಕಕ್ಷರ ಹೊಡೆದರೆ ತೆರೆದಿರುವ ಟ್ಯಾಬ್‌ಗಳಲ್ಲಿ ಮಾತ್ರ ಹುಡುಕುತ್ತದೆ. ಕೀಬೋರ್ಡ್ ಕನ್ನಡದಲ್ಲೇ ಉಳಿದು ಪುಟದ ಶೀರ್ಷಿಕೆ ಇಂಗ್ಲಿಷಿನಲ್ಲಿದ್ದರೆ ಏನೂ ಸಿಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಆಗುವ ತಪ್ಪಿದು. ಇಡೀ ದಿನ ಬೇಕಾಗುವ ಪುಟವನ್ನಂತೂ ಪಿನ್ ಮಾಡಿ ಮೊದಲ ಜಾಗದಲ್ಲಿಡಿ. ಕಂಟ್ರೋಲ್-1 ಒತ್ತಿದರೆ ಅದೇ ಬರುತ್ತದೆ, ಸರದಿಯ ಲೆಕ್ಕವೇ ಬೇಡ.

ಟ್ಯಾಬ್ ಮುಚ್ಚುವಾಗ ಮಾತ್ರ ಈ ಸರದಿ ಕೈಕೊಡುತ್ತದೆ. ಆಗ ಬ್ರೌಸರ್ ಸಾಮಾನ್ಯವಾಗಿ ಪಕ್ಕದ ಟ್ಯಾಬ್‌ಗೆ ಹೋಗುತ್ತದೆ, ಹಿಂದೆ ನೋಡಿದ್ದಕ್ಕಲ್ಲ. ಗಾಬರಿ ಬೇಡ, ಒಮ್ಮೆ ಕಂಟ್ರೋಲ್-ಟ್ಯಾಬ್ ಒತ್ತಿದರೆ ಬೇಕಾದದ್ದು ಸಿಗುತ್ತದೆ. ಸರದಿ ಆಯಾ ಕಿಟಕಿಗೆ ಬೇರೆಬೇರೆ ಎಂಬುದೂ ಗೊತ್ತಿರಲಿ. ಪಹಣಿ ಒಂದು ಕಿಟಕಿಯಲ್ಲಿ, ನಮೂನೆ ಇನ್ನೊಂದರಲ್ಲಿ ಇದ್ದರೆ ಆಲ್ಟ್-ಟ್ಯಾಬ್ ಬೇಕಾಗುತ್ತದೆ. ಒಂದು ಅರ್ಜಿಯ ಪುಟಗಳೆಲ್ಲ ಒಂದೇ ಕಿಟಕಿಯಲ್ಲಿರಲಿ.

ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಇಂಥ ಟಿಕ್ ಇಲ್ಲ, ಅಲ್ಲಿ ಕಂಟ್ರೋಲ್-ಟ್ಯಾಬ್ ಸಾಲಿನ ಕ್ರಮವನ್ನೇ ಹಿಡಿಯುತ್ತದೆ. ಬದಲಿಗೆ ಕಂಟ್ರೋಲ್-ಶಿಫ್ಟ್-ಎ ಒತ್ತಿ. ಟ್ಯಾಬ್ ಹುಡುಕುವ ಪಟ್ಟಿ ಇತ್ತೀಚಿನದು ಮೇಲೆ ಬರುವಂತೆ ತೆರೆಯುತ್ತದೆ, ಸೀದಾ ಎಂಟರ್ ಹೊಡೆದರೆ ಹಿಂದಿನ ಪುಟ. ಮೂರು ಕೀಲಿ, ಮೇಲೊಂದು ಎಂಟರ್. ನೂರು ಸಲ ಹೋಗಿ ಬರುವ ಕೆಲಸಕ್ಕೆ ನನಗಂತೂ ಅದು ಒಗ್ಗಲಿಲ್ಲ.