ಕೊಡಗಿನ ಮಳೆಗಾಲದಲ್ಲಿ ಕಾರಿನ ಬೀಗ, ಬ್ಯಾಟರಿ ಮತ್ತು ನಿತ್ಯದ ಆರೈಕೆ

ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆಗಳಲ್ಲಿ ಕಾರನ್ನು ಹೆಚ್ಚು ಕಾಡುವುದು ತೇವ. ಸೆಂಟ್ರಲ್ ಲಾಕ್, ಅಲಾರಂ, ಇಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ) ಇವೆಲ್ಲವೂ ಬ್ಯಾಟರಿಯನ್ನೂ ತುಕ್ಕು ಹಿಡಿಯದ ವಿದ್ಯುತ್ ಸಂಪರ್ಕಗಳನ್ನೂ ನಂಬಿಕೊಂಡಿರುವುದರಿಂದ, ನಮ್ಮಲ್ಲಿ ಕಾರಿನ ಭದ್ರತೆ ಮತ್ತು ಅದರ ಆರೈಕೆ ಒಂದೇ ಕೆಲಸವಾಗಿಬಿಡುತ್ತವೆ. ಬ್ಯಾಟರಿ ಕುಸಿದರೆ ಬೀಗ ಕೈಕೊಡುತ್ತದೆ. ಸಂಪರ್ಕಗಳಿಗೆ ತೇವ ತಗುಲಿದರೆ ಅಲಾರಂ ಕಾರಣವಿಲ್ಲದೆ ಕೂಗುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ವಿವರಿಸುತ್ತೇನೆ.

ಕೀಲಿಯಿಂದ ಆರಂಭಿಸೋಣ. ರಿಮೋಟ್‌ನ ಲಾಕ್ ಗುಂಡಿ ಒತ್ತಿದ ಮೇಲೆ ಇಂಡಿಕೇಟರ್ ದೀಪಗಳು ಮಿನುಗಿದವೇ ಎಂದು ನೋಡಬೇಕು. ಆಮೇಲೆ ಚಾಲಕನ ಬಾಗಿಲಿನ ಹಿಡಿಯನ್ನು ಒಮ್ಮೆ ಎಳೆದೂ ನೋಡಬೇಕು. ಕೀಲಿ ಜೇಬಿನಲ್ಲಿದ್ದರೆ ತಾನಾಗಿ ತೆರೆದುಕೊಳ್ಳುವ ಕಾರಾದರೆ, ಎಳೆದು ನೋಡುವ ಮೊದಲು ಕೀಲಿಯನ್ನು ದೂರದಲ್ಲಿರುವವರ ಕೈಗೆ ಕೊಟ್ಟಿರಬೇಕು. ಡಿಕ್ಕಿಯೋ ಹಿಂದಿನ ಬಾಗಿಲೋ ಪೂರ್ತಿ ಮುಚ್ಚದಿದ್ದರೆ ಹಲವು ಕಾರುಗಳು ಲಾಕ್ ಆಗುವುದಿಲ್ಲ, ಅಥವಾ ಬೀಪ್ ಸದ್ದಿನಿಂದ ಎಚ್ಚರಿಸುತ್ತವೆ. ಮಳೆಯ ಸದ್ದಿನಲ್ಲಿ ಆ ಬೀಪ್ ಕೇಳಿಸದೆ ಹೋಗುವುದೇ ಹೆಚ್ಚು. ಅನ್‌ಲಾಕ್ ಮಾಡಿ ಸುಮಾರು ಅರ್ಧ ನಿಮಿಷದೊಳಗೆ ಯಾವ ಬಾಗಿಲನ್ನೂ ತೆರೆಯದಿದ್ದರೆ ಅನೇಕ ಮಾದರಿಗಳು ತಾವೇ ಮತ್ತೆ ಲಾಕ್ ಆಗುತ್ತವೆ. ಹೀಗಾಗಿ ಕೊಡೆ, ಚೀಲ, ಮಗು ಎಲ್ಲವನ್ನೂ ಸಂಭಾಳಿಸುವ ಗಡಿಬಿಡಿಯಲ್ಲಿ ಕೀಲಿಯನ್ನು ಸೀಟಿನ ಮೇಲೋ ಡಿಕ್ಕಿಯಲ್ಲೋ ಇಡಬಾರದು.

ರಿಮೋಟ್ ಕೀಲಿಗಳಲ್ಲಿ ಹೆಚ್ಚಿನವು ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿಯನ್ನು ಬಳಸುತ್ತವೆ. ಅವುಗಳಲ್ಲಿ ಸಿಆರ್2032 ಎಂಬುದು ಬಹಳ ಸಾಮಾನ್ಯ. ಮೊದಲು ಅಂಗಳದ ಆಚೆಯಿಂದಲೇ ಕೆಲಸ ಮಾಡುತ್ತಿದ್ದ ಗುಂಡಿ ಈಗ ಕಾರಿನ ಪಕ್ಕಕ್ಕೆ ಬಂದು ಎರಡು ಮೂರು ಸಲ ಒತ್ತಿದರೆ ಮಾತ್ರ ಕೆಲಸ ಮಾಡುತ್ತದೆ ಎಂದಾದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ. ಕೀಲಿಯ ಅಂಚಿನಲ್ಲಿರುವ ಸಣ್ಣ ಸಂದಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಮೆಲ್ಲನೆ ತಿರುಗಿಸಿದರೆ ಮುಚ್ಚಳ ಬಿಡಿಸಿಕೊಳ್ಳುತ್ತದೆ. ಹಳೆಯ ಬ್ಯಾಟರಿಯ ಪ್ಲಸ್ ಗುರುತು ಯಾವ ಕಡೆಗಿತ್ತೋ ಹೊಸದನ್ನೂ ಹಾಗೆಯೇ ಕೂರಿಸಬೇಕು. ಕೂರಿಸುವಾಗ ಬೆರಳಿನ ಬೆವರು ಅದರ ಮೇಲ್ಮೈಗೆ ತಾಗದಂತೆ ಒಣಬಟ್ಟೆಯಲ್ಲಿ ಹಿಡಿಯುವುದು ಒಳ್ಳೆಯದು. ಕೀಲಿ ಮಳೆಯಲ್ಲಿ ನೆನೆದಿದ್ದರೆ ಗುಂಡಿ ಒತ್ತಿ ಪರೀಕ್ಷಿಸಲು ಹೋಗದೆ ಮೊದಲು ಬ್ಯಾಟರಿ ತೆಗೆದು, ಎರಡೂ ಹೋಳುಗಳನ್ನು ಫ್ಯಾನಿನ ಗಾಳಿಗೆ ಒಂದು ದಿನ ಬಿಡಬೇಕು. ಸೌದೆ ಒಲೆಯ ಹತ್ತಿರ ಒಣಗಿಸುವ ಅಭ್ಯಾಸ ಬಟ್ಟೆಗೆ ಸರಿ. ಕೀಲಿಯ ಪ್ಲಾಸ್ಟಿಕ್ ಆ ಬಿಸಿಗೆ ಸೊಟ್ಟಗಾಗುತ್ತದೆ.

ಕೀಲಿಯ ಬ್ಯಾಟರಿ ಪೂರ್ತಿ ಸತ್ತರೂ ಕಾರು ಹತ್ತಲು ದಾರಿ ಇದೆ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳ ಕೀಲಿಯೊಳಗೆ ಸಾಮಾನ್ಯವಾಗಿ ಒಂದು ಲೋಹದ ಕೀಲಿ ಅಡಗಿರುತ್ತದೆ. ಪಕ್ಕದ ಚಿಲಕವನ್ನು ಸರಿಸಿ ಅದನ್ನು ಹೊರಗೆಳೆದು ಚಾಲಕನ ಬಾಗಿಲನ್ನು ತೆರೆಯಬಹುದು. ಕೆಲವು ಮಾದರಿಗಳಲ್ಲಿ ಕೀಲಿ ತೂತಿನ ಮೇಲೆ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ; ಅದನ್ನು ಎಬ್ಬಿಸಬೇಕಾಗುತ್ತದೆ. ಹೀಗೆ ತೆರೆದಾಗ ಅಲಾರಂ ಕೂಗಬಹುದು, ಆದರೆ ಗಾಬರಿ ಬೇಡ. ಕಾರು ಕೀಲಿಯನ್ನು ಗುರುತಿಸಿ ಇಗ್ನಿಷನ್ ಆನ್ ಆದ ಕೂಡಲೇ ಅದು ನಿಲ್ಲುತ್ತದೆ. ಬಳಿಕ ಬ್ರೇಕನ್ನು, ಗೇರ್ ಕೈಯಿಂದ ಹಾಕುವ ಕಾರಾದರೆ ಕ್ಲಚ್ಚನ್ನು, ಒತ್ತಿ ಹಿಡಿದು, ಕೀಲಿಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಗುಂಡಿಯನ್ನು ಒತ್ತಬೇಕು. ಕೆಲವು ಕಾರುಗಳಲ್ಲಿ ಕೀಲಿ ಇಡುವ ಜಾಗ ಬೇರೆ ಇರುತ್ತದೆ; ಮಾಲೀಕರ ಕೈಪಿಡಿಯ ಆ ಪುಟವನ್ನು ಮೊದಲೇ ನೋಡಿಕೊಂಡಿರಬೇಕು. ಕೀಲಿಯಲ್ಲಿರುವ ಇಮೊಬಿಲೈಸರ್ ಚಿಪ್‌ಗೆ ಸ್ವಂತ ಬ್ಯಾಟರಿ ಬೇಕಿಲ್ಲ. ಕಾರಿನಲ್ಲಿರುವ ತಂತಿಸುರುಳಿಯಿಂದಲೇ ಅದು ಶಕ್ತಿ ಪಡೆದು ತನ್ನ ಸಂಕೇತವನ್ನು ಕಳುಹಿಸುತ್ತದೆ. ಆ ಸಂಕೇತ ಹೊಂದದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ನಿಧಾನವಾಗಿ ಮಿನುಗುವುದು ದೋಷವಲ್ಲ; ಇಗ್ನಿಷನ್ ಹಾಕಿದ ಮೇಲೂ ಕೀಲಿಯ ಚಿತ್ರವಿರುವ ದೀಪ ಮಿನುಗುತ್ತಿದ್ದರೆ ಮಾತ್ರ ಕಾರು ಕೀಲಿಯನ್ನು ಗುರುತಿಸಿಲ್ಲ ಎಂದರ್ಥ. ಆಗ ಅದೇ ಗೊಂಚಲಿನಲ್ಲಿರುವ ಇತರ ಕೀಲಿಗಳನ್ನು ಬೇರ್ಪಡಿಸಿ ನೋಡಿ, ಆಗದಿದ್ದರೆ ಎರಡನೇ ಕೀಲಿಯಿಂದ ಪ್ರಯತ್ನಿಸಬೇಕು.

ಆ ಎರಡನೇ ಕೀಲಿಯ ಬಗ್ಗೆ ಸ್ವಲ್ಪ ಒತ್ತಿಯೇ ಹೇಳಬೇಕಿದೆ. ಅದನ್ನು ಕಾರಿನ ಗ್ಲೋವ್ ಬಾಕ್ಸಿನಲ್ಲಿ ಇಡುವವರು ಇಂದಿಗೂ ಇದ್ದಾರೆ. ಮನೆಯ ಬೀರುವಿನಲ್ಲಿ ಇಟ್ಟು, ತಿಂಗಳಿಗೊಮ್ಮೆ ಅದರಿಂದಲೇ ಕಾರು ತೆರೆದು ಸ್ಟಾರ್ಟ್ ಮಾಡಿ ನೋಡಬೇಕು. ಕಾರು ಕಳುವಾದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಪೊಲೀಸ್ ದೂರಿನ ಪ್ರತಿಯ ಜೊತೆಗೆ ಎರಡೂ ಕೀಲಿಗಳನ್ನು ಕೇಳುತ್ತವೆ. ಕೇವಲ ಥರ್ಡ್ ಪಾರ್ಟಿ ವಿಮೆ ಮಾಡಿಸಿದವರಿಗೆ ಕಳವಿಗೆ ಪರಿಹಾರವೇ ಸಿಗುವುದಿಲ್ಲ. ಕಳವು ಗೊತ್ತಾದ ಕ್ಷಣವೇ 112ಕ್ಕೆ ಕರೆ ಮಾಡಿ, ನಂತರ ವಿಮಾ ಕಂಪನಿಗೆ ತಿಳಿಸಬೇಕು.

ಬಾಗಿಲುಗಳ ವಿಷಯ ಬೇಗ ಮುಗಿಯುತ್ತದೆ. ಹಿಂದಿನ ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಹಾಕಿದ್ದರೆ ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ವಯಸ್ಸಾದವರನ್ನು ಹಿಂದೆ ಕೂರಿಸುವಾಗ ಇದನ್ನು ಅವರಿಗೆ ಮೊದಲೇ ತಿಳಿಸಬೇಕು. ವಿದ್ಯುತ್ ಕೈಕೊಟ್ಟರೂ ಬಾಗಿಲನ್ನು ಕೈಯಿಂದ ತೆರೆಯುವ ವ್ಯವಸ್ಥೆ, ವೇಗದ ಎಚ್ಚರಿಕೆ, ಸೀಟ್ ಬೆಲ್ಟ್ ಎಚ್ಚರಿಕೆ, ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಇವು 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಕಡ್ಡಾಯವಾಗಿವೆ. ತಿರುಗಿಸುವ ಕೀಲಿಯ ಕಾರಿನಲ್ಲಿ ಸ್ಟೇರಿಂಗ್ ಬಿಗಿದು ಕೀಲಿ ತಿರುಗದೆ ಹೋದರೆ ಬಲ ಹಾಕಬಾರದು. ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ತುಸು ಅಲ್ಲಾಡಿಸುತ್ತಾ ಕೀಲಿ ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ. ನಡುರಾತ್ರಿ ಕಾರಣವಿಲ್ಲದೆ ಅಲಾರಂ ಕೂಗುವ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಬಾನೆಟ್ ಚಿಲಕದ ಬಳಿ ಇರುವ ತುಕ್ಕು ಹಿಡಿದ ಸ್ವಿಚ್ಚನ್ನು ಮತ್ತು ಸೊರಗಿದ ಬ್ಯಾಟರಿಯನ್ನು. ಅಲಾರಂ ಅನ್ನು ಶಾಶ್ವತವಾಗಿ ಕಿತ್ತುಹಾಕಿಸುವುದು ಇದಕ್ಕೆ ಪರಿಹಾರವಲ್ಲ.

ಕಾರಿನ ದೊಡ್ಡ ಬ್ಯಾಟರಿಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ ಅಳೆಸಬೇಕು. ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿದ್ದರೆ, ಕಾರು ಕೆಲವು ಗಂಟೆ ನಿಂತ ಮೇಲೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಬಹುತೇಕ ಕಾರುಗಳಲ್ಲಿ ಅದು 13.8ರಿಂದ 14.4ರ ನಡುವೆ ಇರುತ್ತದೆ. ಟರ್ಮಿನಲ್ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಕೈಗವಸು ಹಾಕಿಕೊಂಡು, ಮೊದಲು ಮೈನಸ್ ತಂತಿಯನ್ನೂ ನಂತರ ಪ್ಲಸ್ ತಂತಿಯನ್ನೂ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಬೇಕು. ಒಣಗಿದ ಮೇಲೆ ಪ್ಲಸ್ ಮೊದಲು, ಮೈನಸ್ ಕೊನೆಗೆ ಜೋಡಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಬೇಕು. ಕಕ್ಕಡ ತಿಂಗಳಿನಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮನೆಯಿಂದ ಹೊರಡುವುದೇ ಕಷ್ಟವಾಗಿ ಕಾರು ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ. ಆಗಲೂ ಅಲಾರಂ ಮತ್ತು ಬೀಗದ ವ್ಯವಸ್ಥೆ ಸ್ವಲ್ಪ ಸ್ವಲ್ಪವೇ ವಿದ್ಯುತ್ ಹೀರುತ್ತಿರುತ್ತವೆ. ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ; ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿಕೊಂಡು ಬರಬೇಕು.

ಆ ಶೆಡ್ಡಿನಲ್ಲೇ ಇನ್ನೊಂದು ಶತ್ರು ಇರುತ್ತದೆ. ತೋಟದ ಇಲಿಗಳು ಬೆಚ್ಚಗಿನ ಎಂಜಿನ್ನಿನ ಮೇಲೆ ಒಣ ಎಲೆ ತಂದು ಗೂಡು ಕಟ್ಟಿ, ತಂತಿಗಳ ಹೊದಿಕೆಯನ್ನು ಕಡಿಯುತ್ತವೆ. ಸೆಂಟ್ರಲ್ ಲಾಕ್ ಒಂದು ದಿನ ಸರಿ, ಒಂದು ದಿನ ಇಲ್ಲ ಎಂಬಂಥ ವಿಚಿತ್ರ ದೋಷಗಳಿಗೆ ಇದೂ ಒಂದು ಕಾರಣ. ಎರಡು ಮೂರು ದಿನಕ್ಕೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡುವುದು, ಕಾರಿನೊಳಗೆ ತಿಂಡಿಯ ಚೂರು ಬಿಡದಿರುವುದು, ಶೆಡ್ಡಿನಲ್ಲಿ ಭತ್ತ ಅಥವಾ ಕೋಳಿ ಆಹಾರದ ಚೀಲ ಇಡದಿರುವುದು ಯಾವ ಔಷಧಿಗಿಂತಲೂ ಹೆಚ್ಚು ಫಲ ಕೊಡುತ್ತವೆ. ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆಗಳು ಮುಂದಿನ ಗಾಜಿನ ಬುಡದಲ್ಲಿ ಸೇರಿ ನೀರು ಹರಿಯುವ ತೂತುಗಳನ್ನು ಮುಚ್ಚುತ್ತವೆ. ಆಗ ನೀರು ಒಳಗಿಳಿದು ಕಾರ್ಪೆಟ್ಟಿನಡಿ ನಿಲ್ಲುತ್ತದೆ. ವಾರಕ್ಕೊಮ್ಮೆ ಎಲೆ ತೆಗೆದು, ಬಾಗಿಲಿನ ಕೆಳ ಅಂಚಿನ ತೂತುಗಳನ್ನು ತೆಳುವಾದ ಕಡ್ಡಿಯಿಂದ ಬಿಡಿಸಬೇಕು. ಕೀಲಿ ತೂತಿಗೆ ಎಣ್ಣೆ ಬಿಟ್ಟರೆ ಧೂಳು ಅಂಟಿ ಗಟ್ಟಿಯಾಗುತ್ತದೆ. ಗ್ರ್ಯಾಫೈಟ್ ಪುಡಿ ಉತ್ತಮ.

ಮಳೆಯಲ್ಲಿ ನೆನೆದ ಕಾರನ್ನು ಹ್ಯಾಂಡ್ ಬ್ರೇಕ್ ಎಳೆದು ಹಲವು ದಿನ ಬಿಟ್ಟರೆ ಹಿಂದಿನ ಚಕ್ರದ ಬ್ರೇಕ್ ತುಕ್ಕಿನಿಂದ ಹಿಡಿದುಕೊಳ್ಳುತ್ತದೆ. ಸಮತಟ್ಟಾದ ಶೆಡ್ಡಿನಲ್ಲಿ ಮೊದಲನೇ ಗೇರಿನಲ್ಲಿಟ್ಟು ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡುವುದು ಸಾಕು. ಇಳಿಜಾರಿನಲ್ಲಿ ಮಾತ್ರ ಹ್ಯಾಂಡ್ ಬ್ರೇಕ್, ಗೇರ್, ಕಲ್ಲು ಮೂರೂ ಬೇಕು. ಮುಂದಿನ ಚಕ್ರಗಳನ್ನು ಬರೆಯ, ಅಂದರೆ ಪಕ್ಕದ ಮಣ್ಣಿನ ದಿಬ್ಬದ, ಕಡೆಗೆ ತಿರುಗಿಸಿರಬೇಕು.

ಟೈರಿನ ಗಾಳಿಯನ್ನು ಕಾರು ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ಸರಿಯಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೈರಿನ ಗೆರೆಗಳ ನಡುವೆ ಕಾಣುವ ಸಣ್ಣ ದಿಬ್ಬ 1.6 ಮಿಲಿಮೀಟರ್ ಎತ್ತರದ್ದು. ಟೈರ್ ಸವೆದು ಅದಕ್ಕೆ ಸಮನಾದರೆ ಬದಲಿಸಲೇಬೇಕು, ಸಂಪಾಜೆ ಅಥವಾ ಮಾಕುಟ್ಟ ಘಾಟಿಯಲ್ಲಿ ನಿತ್ಯ ಓಡಾಡುವವರು ಅಷ್ಟರವರೆಗೆ ಕಾಯದಿರುವುದೇ ಲೇಸು. ಮಂಜಿನಲ್ಲಿ ಲೋ ಬೀಮ್ ಹಾಕಬೇಕು, ಓಡುವ ಕಾರಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಬಾರದು. ಗಾಜಿನ ಒಳಗೆ ಮಂಜು ಕಟ್ಟಿದರೆ ಚಳಿಯಿದ್ದರೂ ಎ.ಸಿ. ಹಾಕಿದರೆ ಬೇಗ ಹೋಗುತ್ತದೆ. ಹೊಳೆ ಉಕ್ಕಿ ರಸ್ತೆಗೆ ಬಂದ ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಹಾಳಾಗುತ್ತದೆ.

ಅಕ್ಟೋಬರ್‌ನಲ್ಲಿ, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೊರಡುವ ಮುನ್ನ, ಕಾರಿನ ತಳಭಾಗದ ಕೆಸರನ್ನು ನೀರಿನ ಒತ್ತಡದಿಂದ ತೊಳೆಸಿ, ಬ್ರೇಕ್ ಪ್ಯಾಡ್ ನೋಡಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದಾದ್ದರಿಂದ, ಅದನ್ನು ಬದಲಿಸಿ ಎರಡು ವರ್ಷ ಕಳೆದಿದ್ದರೆ ಅದೇ ದಿನ ಬದಲಿಸಿಕೊಳ್ಳಬೇಕು.