ಸಂಗೀತವನ್ನೇ ಕಾಲೇಜಿನಲ್ಲಿ ಓದಬೇಕಾ? ಮೊದಲು ಒಂದು ಮಳೆಗಾಲ ತಂಬೂರಿ ಹಿಡಿದು ನೋಡಿ

ಪಿಯುಸಿ ರಿಸಲ್ಟ್ ಬರುವ ಹೊತ್ತಿಗೆ ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳ ಮನೆಗಳಲ್ಲಿ ಒಂದೇ ಮಾತು. ಮಗಳು ಸಂಗೀತ ಓದುತ್ತೇನೆ ಅನ್ನುತ್ತಾಳೆ, ಅಪ್ಪ ಬಿಕಾಂ ಮಾಡಿಕೋ ಅನ್ನುತ್ತಾರೆ, ಅಮ್ಮ ನನಗೆ ಫೋನ್ ಮಾಡುತ್ತಾರೆ. ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯವಳು. ಹಿಂದುಸ್ತಾನಿ ಗಾಯನದಲ್ಲೇ ಡಿಗ್ರಿ ಮಾಡಿ, ಈಗ ಶಿವಮೊಗ್ಗದಲ್ಲಿ ಪಾಠ ಹೇಳುತ್ತಿದ್ದೇನೆ. ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಸಂಗೀತ ಕಲಿಯುವುದು ಬೇರೆ, ಕಾಲೇಜಿಗೆ ಸೇರಿ ಸಂಗೀತ ಓದುವುದು ಬೇರೆ. ಕಲಿಯುವುದಕ್ಕೆ ಕಾಲೇಜೇ ಬೇಕು ಅಂತಿಲ್ಲ. ಊರಲ್ಲೇ ಇದ್ದು, ಬೇರೆ ಏನನ್ನೋ ಓದುತ್ತಾ ಹಿಂದುಸ್ತಾನಿ ಸಂಗೀತಕ್ಕೆ ಗಾಂಧರ್ವ ಮಹಾವಿದ್ಯಾಲಯ ಮಂಡಳ ನಡೆಸುವ ಪರೀಕ್ಷೆಗಳನ್ನು ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗೂ ಕಟ್ಟಬಹುದು. ಕರ್ನಾಟಕ ಸಂಗೀತದವರಿಗೆ ಜೂನಿಯರ್, ಸೀನಿಯರ್, ವಿದ್ವತ್ ಇದೆ. ಪಕ್ಕದಲ್ಲೇ ಭದ್ರಾವತಿ ಆಕಾಶವಾಣಿ ಇದೆ, ಧ್ವನಿ ಪರೀಕ್ಷೆ ಪಾಸಾದರೆ ಕಲಾವಿದರಿಗೆ ಕೊಡುವ ಗ್ರೇಡ್ ಸಿಗುತ್ತದೆ, ಅಲ್ಲಿ ಯಾರೂ ಡಿಗ್ರಿ ಕೇಳುವುದಿಲ್ಲ, ಹಾಡು ಕೇಳುತ್ತಾರೆ. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ ಓದಿದ್ದು ಕಾನೂನು. ವಕೀಲಿಕೆ ಮಾಡುತ್ತಲೇ ಹಾಡಿದರು, ಹಿನ್ನೆಲೆ ಗಾಯನಕ್ಕೆ ರಾಷ್ಟ್ರ ಪ್ರಶಸ್ತಿಯನ್ನೂ ಪಡೆದರು. ತುಂಗೆಯ ದಡದ ಹೊಸಹಳ್ಳಿಯ ಗಮಕಿ (ಕಾವ್ಯವನ್ನು ರಾಗವಾಗಿ ಓದುವವರು) ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಆ ಊರಿನಲ್ಲಿ ಗಮಕ ಅನ್ನುವುದು ಕಾಲೇಜಿನ ವಿಷಯವಲ್ಲ, ಮನೆಯೊಳಗಿನ ಮಾತು. ಹಾಗಾಗಿ ಬೇರೆ ಡಿಗ್ರಿ ಮಾಡಿದರೆ ಹಾಡು ಸತ್ತೇ ಹೋಗುತ್ತದೆ ಅಂತ ಅಳುವ ಮಕ್ಕಳಿಗೆ ನಾನು ಹೇಳುವುದು, ಹಾಗೇನೂ ಆಗಲ್ಲ ಅಂತ.

ಹಾಗಾದರೆ ಕಾಲೇಜು ಕೊಡುವುದು ಏನು? ಒಂದು, ಹೊತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಕೆಲಸ, ಮಧ್ಯೆ ಅಕೌಂಟೆನ್ಸಿ ಇಲ್ಲ. ಇನ್ನೊಂದು, ಕೆಲಸಕ್ಕೆ ಬೇಕಾದ ಕಾಗದ. ನವೋದಯ ಶಾಲೆಯಲ್ಲಿ, ಕೇಂದ್ರೀಯ ವಿದ್ಯಾಲಯದಲ್ಲಿ ಸಂಗೀತ ಮೇಷ್ಟರ ಹುದ್ದೆ ಇರುತ್ತದೆ, ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ ಎಂ.ಎ. ಮಾಡಿ ಸಂಗೀತದಲ್ಲೇ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆಯಬಹುದು, ಇದಕ್ಕೆಲ್ಲ ಹೆಚ್ಚಾಗಿ ಡಿಗ್ರಿ ಕೇಳುತ್ತಾರೆ. ಮೂರನೆಯದು ಜನ. ನಿಮ್ಮಷ್ಟೇ ಹಾಡುವವರು, ನಿಮಗಿಂತ ಚೆನ್ನಾಗಿ ಹಾಡುವವರು, ಇಪ್ಪತ್ತು ಮೂವತ್ತು ಜನ, ಮೂರು ವರ್ಷ, ಅದೇ ಕೋಣೆಗಳಲ್ಲಿ. ಊರಲ್ಲಿ ಎಷ್ಟೇ ಒಳ್ಳೆಯ ಗುರುಗಳಿದ್ದರೂ ಇದು ಸಿಗುವುದಿಲ್ಲ. ಮಕ್ಕಳು ಕಾಲೇಜು ಬಿಟ್ಟು ಓಡಿ ಬರುವುದೂ ಇದರಿಂದಲೇ. ಆದ್ದರಿಂದ ಕಾಲೇಜಿಗೆ ಹೋಗಬೇಕಾ ಅನ್ನುವುದೂ, ಅಲ್ಲಿಯ ಪೈಪೋಟಿ, ಅಹಂಕಾರಗಳನ್ನು ಹೇಗೆ ಎದುರಿಸಬೇಕು ಅನ್ನುವುದೂ ನನ್ನ ಪ್ರಕಾರ ಒಂದೇ ಪ್ರಶ್ನೆ.

ಈಗ ಪರೀಕ್ಷೆ ಮಾಡಿಕೊಳ್ಳುವ ದಾರಿ. ಸೆಕೆಂಡ್ ಪಿಯುಸಿ ಶುರುವಾಗುವ ವರ್ಷದ ಮಳೆಗಾಲವನ್ನು ಇದಕ್ಕೆ ಇಡಿ. ನಮ್ಮ ಕಡೆ ಜೂನ್‌ನಿಂದ ಗಣಪತಿ ಹಬ್ಬದವರೆಗೆ ಹೆಚ್ಚು ಕಾರ್ಯಕ್ರಮ ಇರುವುದಿಲ್ಲ. ಮದುವೆ ಇಲ್ಲ, ಪೆಂಡಾಲ್ ಇಲ್ಲ, ಚಪ್ಪಾಳೆ ಇಲ್ಲ. ಕರೆಂಟ್ ಹೋದರೆ ಎರಡು ದಿನ ಬರಲ್ಲ, ಮೊಬೈಲಿನ ತಂಬೂರಿ ಆಪ್ ಕೂಡ ಚಾರ್ಜ್ ಇದ್ದಷ್ಟು ಹೊತ್ತು ಮಾತ್ರ. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ನಿಮ್ಮ ಧ್ವನಿ ನಿಮಗೇ ಸರಿಯಾಗಿ ಕೇಳಿಸುವುದಿಲ್ಲ. ಅಂಥ ಮೂರು ತಿಂಗಳು ಬೆಳಿಗ್ಗೆ ಎದ್ದು ಅರ್ಧ ಗಂಟೆ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಸ್ವರ ನಿಲ್ಲಿಸಿ ಖರ್ಜ ಹಿಡಿಯಿರಿ, ಆಮೇಲೆ ಅಲಂಕಾರದ ಸ್ವರಾಭ್ಯಾಸ, ಕರ್ನಾಟಕ ಸಂಗೀತದವರಾದರೆ ಸರಳೆ, ಜಂಟಿ ವರಸೆಗಳು ಮೂರು ವೇಗದಲ್ಲಿ. ಸಂಜೆ ಒಂದು ಗಂಟೆ ಒಂದೇ ರಾಗ. ತಿಂಗಳಿಗೆ ಒಂದೇ, ಬೇಜಾರು ಬಂತು ಅಂತ ಬದಲಾಯಿಸಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು, ತಪ್ಪಿಸಿದ ದಿನ ಯಾಕೆ ತಪ್ಪಿಸಿದೆ ಅಂತ ಒಂದು ಸಾಲು ಬರೆಯಿರಿ.

ಎಷ್ಟು ದಿನ ತಪ್ಪಿತು ಅನ್ನುವುದು ಅಷ್ಟು ಮುಖ್ಯವಲ್ಲ. ಜ್ವರ ಬರುತ್ತದೆ, ಟೆಸ್ಟ್ ಇರುತ್ತದೆ. ಆ ಸಾಲುಗಳನ್ನು ಗಣಪತಿ ಹಬ್ಬದ ದಿನ ಕೂತು ಓದಿ. ‘ಯಾರೂ ಕೇಳುವವರಿಲ್ಲ, ಯಾಕೆ ಹಾಡಬೇಕು ಅನಿಸಿತು’ ಅಂತ ಮತ್ತೆ ಮತ್ತೆ ಬರೆದಿದ್ದರೆ ನಿಮಗೆ ಇಷ್ಟ ಇರುವುದು ವೇದಿಕೆ. ಅದು ತಪ್ಪಲ್ಲ. ಸುಗಮ ಸಂಗೀತ, ಆರ್ಕೆಸ್ಟ್ರಾ, ನಾಟಕ ಎಲ್ಲದಕ್ಕೂ ವೇದಿಕೆಯ ಆಸೆ ಬೇಕು. ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ರಂಗಶಿಕ್ಷಣವೇ ಇದೆ, ಹಾಡುವ ಮಕ್ಕಳಿಗೆ ಅದೂ ಒಳ್ಳೆಯ ದಾರಿ. ಆದರೆ ಮೂರು ವರ್ಷದ ಶಾಸ್ತ್ರೀಯ ಸಂಗೀತದ ಡಿಗ್ರಿಯಲ್ಲಿ ವೇದಿಕೆ ಸಿಗುವುದು ವರ್ಷಕ್ಕೆ ನಾಲ್ಕೈದು ಸಲ, ಉಳಿದದ್ದೆಲ್ಲ ಈ ಮಳೆಗಾಲವೇ.

ಮಳೆಗಾಲದ ಪರೀಕ್ಷೆಯ ಇನ್ನೊಂದು ಭಾಗ ಇನ್ನೂ ಮುಖ್ಯ. ನಿಮ್ಮ ಗುರುಗಳ ಹತ್ತಿರ ಕಲಿಯುವವರಲ್ಲಿ ನಿಮಗಿಂತ ಚೆನ್ನಾಗಿ ಹಾಡುವವರು ಒಬ್ಬರಾದರೂ ಇರುತ್ತಾರೆ. ಅವರ ಹಿಂದೆ ತಂಬೂರಿ ಹಿಡಿದು ಒಂದು ಗಂಟೆ ಕೂರಿ. ಅವರು ಹಾಡಲಿ, ನೀವು ಬಾಯಿ ಬಿಡಬೇಡಿ. ಎದ್ದ ಮೇಲೆ ನಿಮ್ಮ ತಲೆಯಲ್ಲಿ ಏನು ಓಡುತ್ತಿದೆ ನೋಡಿ. ಅವರ ತಪ್ಪುಗಳ ಪಟ್ಟಿಯಾ, ಅಥವಾ ಅವರ ಹಾಡಾ? ನನಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಕಾಲೇಜಿಗೆ ಹೋಗಿ ಕಷ್ಟಪಟ್ಟು ಕಲಿತೆ.

ಊರಲ್ಲಿ ಹಾಡು ಅಂದರೆ ನಾನೇ. ಶಾಲೆಯ ಪ್ರತಿಭಾ ಕಾರಂಜಿಯಿಂದ ಹಿಡಿದು ನೆಂಟರ ಮನೆಯ ಉಪನಯನದವರೆಗೂ ನನ್ನನ್ನೇ ಕೂರಿಸುತ್ತಿದ್ದರು. ಕಾಲೇಜಿನ ಮೊದಲ ವಾರ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಯಮನ್ ರಾಗ ಹಾಡಿದಳು. ತಾನುಗಳು, ಅಂದರೆ ವೇಗದ ಸ್ವರಗುಚ್ಛಗಳು, ಒಂದೊಂದು ಸ್ವರ ಬಿಡಿ ಬಿಡಿಯಾಗಿ, ಮಣಿ ಪೋಣಿಸಿದ ಹಾಗೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ತಿಂಗಳು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದು ಒಂದೇ ಮಾತು, ‘ತಾನ್ ಏನೋ ಚೆನ್ನಾಗಿದೆ, ಆದರೆ ಭಾವ ಇಲ್ಲ.’ ಈಗ ಯಾವ ಮಗು ಆ ಮಾತು ಹೇಳಿದರೂ ನನಗೆ ಅದರ ಹಿಂದಿನ ಹೊಟ್ಟೆಕಿಚ್ಚು ಗೊತ್ತಾಗುತ್ತದೆ. ಇನ್ನೊಬ್ಬರ ಕೈಲಾಗಿದ್ದು ನಮ್ಮ ಕೈಲಾಗದಿದ್ದಾಗ ಸುಲಭಕ್ಕೆ ಸಿಗುವ ಮಾತು ಅದು, ಯಾಕೆಂದರೆ ಭಾವವನ್ನು ಅಳೆಯಲು ಯಾರಿಗೂ ಆಗುವುದಿಲ್ಲ.

ಆಮೇಲೆ ಒಂದು ಕಾರ್ಯಕ್ರಮದಲ್ಲಿ ನಮ್ಮ ಮೇಡಂ ನನ್ನನ್ನು ಅವಳ ಹಿಂದೆ ತಂಬೂರಿಗೆ ಕೂರಿಸಿದರು. ಪಂಚಮದ ತಂತಿ, ನಡುವಿನ ಎರಡು ಷಡ್ಜ, ಕೊನೆಗೆ ಮಂದ್ರ ಷಡ್ಜ. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಕೆಳಗಿನ ನೂಲನ್ನು ಉಗುರಿನ ತುದಿಯಲ್ಲಿ ಕೂದಲೆಳೆಯಷ್ಟು ಸರಿಸುತ್ತಾ ಹೋದೆ, ಒಂದು ಜಾಗದಲ್ಲಿ ತಂತಿ ಬಾಯಿ ಬಿಟ್ಟ ಹಾಗೆ ಝೇಂಕರಿಸಿತು. ಅವಳು ಹಾಡಲು ಶುರು ಮಾಡಿದಳು. ಒಂದು ಗಂಟೆ ನನಗೆ ಬೇರೆ ಕೆಲಸವೇ ಇರಲಿಲ್ಲ. ಆಗ ಕೇಳಿಸಿತು, ಅವಳು ಮುಖಡಾ (ಮತ್ತೆ ಮತ್ತೆ ಬರುವ ಮೊದಲ ಸಾಲು) ಮುಗಿದ ತಕ್ಷಣ ಮೂಗಿನಲ್ಲಿ ಸಣ್ಣದಾಗಿ ಉಸಿರು ತೆಗೆದುಕೊಂಡೇ ತಾನ್ ಎತ್ತುತ್ತಾಳೆ, ಮತ್ತೆ ತೀವ್ರ ಮಧ್ಯಮ ಸ್ವರದ ಹತ್ತಿರ ಎಂದೂ ಅವಸರ ಮಾಡುವುದಿಲ್ಲ. ಎರಡು ತಿಂಗಳು ಅದೇ ಕ್ಲಾಸಿನಲ್ಲಿ ಕೂತಿದ್ದ ನನಗೆ ಇವೆರಡೂ ಕಂಡಿರಲಿಲ್ಲ. ಮಾರನೆಯ ದಿನ ಹೋಗಿ ಕೇಳಿದೆ, ‘ಆ ಉಸಿರು ಎಲ್ಲಿ ತಗೋತೀಯಾ ತೋರಿಸೇ’ ಅಂತ. ತೋರಿಸಿದಳು. ನನ್ನ ಗುರುಗಳು ಹೇಳಿಕೊಟ್ಟಿದ್ದ ಒಂದು ಹಳೆಯ ಬಂದಿಶ್ (ರಾಗದಲ್ಲಿ ಕಟ್ಟಿದ ರಚನೆ) ತನಗೆ ಬೇಕು ಅಂದಳು, ಕೊಟ್ಟೆ. ತೀರಾ ಆಪ್ತ ಗೆಳತಿಯರಾದೆವು ಅಂತೇನಿಲ್ಲ. ಆದರೆ ಮೂರು ವರ್ಷ ಬೆಳಗಿನ ಅಭ್ಯಾಸ ಒಂದೇ ಕೋಣೆಯಲ್ಲಿ ಮಾಡಿದೆವು.

ಯಾರ ಮೇಲೆ ಜಾಸ್ತಿ ಹೊಟ್ಟೆಕಿಚ್ಚು ಬರುತ್ತದೋ ಅವರ ಹಿಂದೆಯೇ ತಂಬೂರಿಗೆ ಕೂರಿ, ಕೆಳಗೆ ಬಂದು ಒಂದೇ ಒಂದು ನಿರ್ದಿಷ್ಟ ಪ್ರಶ್ನೆ ಕೇಳಿ. ‘ಚೆನ್ನಾಗಿತ್ತು’ ಅನ್ನುವುದಕ್ಕಿಂತ ಪ್ರಶ್ನೆ ದೊಡ್ಡದು. ಅವರು ಹೇಳಿಕೊಡದೇ ಹೋದರೆ ಬಿಡಿ, ಕೇಳಿಸಿಕೊಂಡದ್ದು ನಿಮ್ಮ ಹತ್ತಿರ ಇರುತ್ತದಲ್ವಾ.

ಇನ್ನು ಬೇರೆಯವರ ಅಹಂಕಾರ. ‘ನಮ್ಮ ಗುರುಗಳು ಹೀಗೆ ಹಾಡುವುದಿಲ್ಲ, ಇದು ನಮ್ಮ ಘರಾನಾ ಅಲ್ಲ’ ಅಂತ ತಮ್ಮ ಗುರುಪರಂಪರೆಯನ್ನೇ ಹಿಡಿದು ಮಾತಾಡುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ವಾದಕ್ಕೆ ಇಳಿಯಬೇಡಿ. ಮಲ್ಲಿಕಾರ್ಜುನ ಮನ್ಸೂರರು ಮೊದಲು ಗ್ವಾಲಿಯರ್ ಪದ್ಧತಿ ಕಲಿತು ಆಮೇಲೆ ಜೈಪುರ-ಅತ್ರೌಲಿ ಘರಾನಾಕ್ಕೆ ಹೋದವರು, ಬಸವರಾಜ ರಾಜಗುರುಗಳು ಹಲವು ಗುರುಗಳ ಹತ್ತಿರ ಹಲವು ಘರಾನಾಗಳ ಪಾಠ ಪಡೆದವರು. ಅಷ್ಟು ದೊಡ್ಡವರೇ ಬಾಗಿಲು ಹಾಕಿಕೊಳ್ಳಲಿಲ್ಲ ಅಂತ ನೆನಪಿಟ್ಟುಕೊಂಡು, ‘ನಿಮ್ಮಲ್ಲಿ ಹೇಗೆ ಹಾಡ್ತಾರೆ, ಒಂದ್ಸಲ ಹಾಡಿ ತೋರಿಸಿ’ ಅನ್ನಿ. ಜಗಳ ಮಾಡಲು ಬಂದವರು ಹಾಡಲು ಶುರು ಮಾಡುತ್ತಾರೆ, ಇದು ನಾನು ಎಷ್ಟೋ ಸಲ ನೋಡಿದ್ದು.

ವೇದಿಕೆ ಮೇಲೆ ತಬಲಾದವರು ನಿಮ್ಮನ್ನು ಮೀರಿಸಲು ನೋಡುವುದೂ ಇದೆ. ಅದಕ್ಕೆ ಮದ್ದು ವೇದಿಕೆ ಹತ್ತುವ ಮೊದಲೇ. ಯಾವ ತಾಳ, ಎಂಥ ಲಯ, ನಿಧಾನದ ವಿಲಂಬಿತ ಎಷ್ಟು ನಿಮಿಷ, ಅವರಿಗೆ ಬಿಡುವ ಜಾಗ ಎಲ್ಲಿ ಅಂತ ಕೂತು ಮಾತಾಡಿ, ಬಂದಿಶ್ ಒಮ್ಮೆ ಹಾಡಿ ತೋರಿಸಿ. ತಮಗೂ ಜಾಗ ಇದೆ ಅಂತ ಗೊತ್ತಾದವರು ಹಾಡಿನ ಮಧ್ಯೆ ನುಗ್ಗುವುದು ಕಡಿಮೆ.

ಮೇಷ್ಟರುಗಳ ನಡುವಿನ ಮುನಿಸು ಇನ್ನೂ ಕಷ್ಟದ್ದು. ಒಬ್ಬರು ಹೇಳಿಕೊಟ್ಟ ಬಂದಿಶ್ ಅನ್ನು ನಾನು ಖುಷಿಯಿಂದ ಇನ್ನೊಬ್ಬರ ಕ್ಲಾಸಿನಲ್ಲಿ ಹಾಡಿಬಿಟ್ಟೆ. ಅವರು ಏನೂ ಅನ್ನಲಿಲ್ಲ, ಆದರೆ ಒಂದು ತಿಂಗಳು ನನ್ನನ್ನು ಹಾಡು ಅಂತ ಕರೆಯಲೇ ಇಲ್ಲ. ತುಂಬಾ ಅತ್ತಿದ್ದೇನೆ ಆಗ. ಈಗ ಮಕ್ಕಳಿಗೆ ಹೇಳುವುದು, ‘ಸರ್, ಇದು ಅವರ ಹತ್ತಿರ ಆದ ಪಾಠ, ಇಲ್ಲಿ ಹಾಡಬಹುದಾ?’ ಅಂತ ಮೊದಲೇ ಕೇಳಿ. ಮತ್ತೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ಯಬೇಡಿ, ಅವರೇ ಕೆದಕಿ ಕೇಳಿದರೂ.

ಒಂದು ಎಚ್ಚರ ಮಾತ್ರ ಇರಲಿ. ಮುನಿಸು ಬೇರೆ, ಹಿಂಸೆ ಬೇರೆ. ಮಾರ್ಕ್ಸ್ ಕೈಯಲ್ಲಿದೆ ಅಂತ ಅವಮಾನ ಮಾಡುವುದು, ದುಡ್ಡು ಕೇಳುವುದು, ಹೊತ್ತಲ್ಲದ ಹೊತ್ತಲ್ಲಿ ಒಬ್ಬರನ್ನೇ ಬರಹೇಳುವುದು, ಇವು ಯಾವುದೂ ಗುರುಭಕ್ತಿಯ ಹೆಸರಲ್ಲಿ ಸಹಿಸುವಂಥದ್ದಲ್ಲ. ಮನೆಗೆ ಹೇಳಿ. ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ, ರ‍್ಯಾಗಿಂಗ್ ತಡೆ ಸಮಿತಿ ಇರಲೇಬೇಕು, ಅಲ್ಲಿಗೆ ಬರವಣಿಗೆಯಲ್ಲಿ ದೂರು ಕೊಡಿ.

ಸ್ಪರ್ಧೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವರ್ಷಕ್ಕೆ ಎರಡು ಸಾಕು. ಹೋದ ವಾರ ಕಲಿತ ರಾಗ ಹಾಡಬೇಡಿ, ನಿಮ್ಮ ಹಾಡು ಮುಗಿದ ಮೇಲೆ ಎದ್ದು ಹೊರಗೆ ಹೋಗದೆ ಉಳಿದವರದ್ದನ್ನೂ ಕೇಳಿ.

ಮನೆಯಲ್ಲಿ ಹೇಗೆ ಹೇಳುವುದು? ನಮ್ಮ ಅಪ್ಪಯ್ಯ ಅಡಿಕೆ ಸುಲಿಯುತ್ತಾ, ತಲೆ ಎತ್ತದೆ ಕೇಳಿದ್ದರು, ‘ಕೂಸೇ, ಅದ್ರಲ್ಲಿ ಹೊಟ್ಟೆ ತುಂಬ್ತಾ?’ ನಾನು ಅವತ್ತು ಕಲೆ, ಸಾಧನೆ ಅಂತ ಏನೇನೋ ಹೇಳಿದೆ. ಅವರು ಕೇಳಿದ್ದು ಲೆಕ್ಕ. ನೀವು ಲೆಕ್ಕವನ್ನೇ ಹೇಳಿ. ಮೂರು ವರ್ಷದ ಫೀಸು, ಹಾಸ್ಟೆಲ್, ಓಡಾಟ ಎಷ್ಟು, ಮುಗಿದ ಮೇಲೆ ಯಾವ ಕೆಲಸಕ್ಕೆ ಅರ್ಜಿ ಹಾಕಬಹುದು, ಮನೆಪಾಠ ಎಷ್ಟು ಮಕ್ಕಳಿಗೆ ಮಾಡಿದರೆ ತಿಂಗಳಿಗೆ ಎಷ್ಟಾಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಕೂರಿ. 18ರಿಂದ 25 ವರ್ಷದವರಿಗೆ ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ಸ್ಕಾಲರ್‌ಶಿಪ್ ಇದೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದಕ್ಕೆ ಗುರುಗಳ ಹತ್ತಿರ ಕಲಿತಿರಬೇಕು, ಆಯ್ಕೆ ಆಗಬೇಕು. ಸಿಕ್ಕೇ ಸಿಗುತ್ತದೆ ಅಂತ ಲೆಕ್ಕಕ್ಕೆ ಸೇರಿಸಬೇಡಿ, ಅರ್ಜಿ ಮಾತ್ರ ಹಾಕಿ.

ಕೊನೆಗೆ, ಅರ್ಜಿ ತುಂಬುವ ಮೊದಲು ಕಾಲೇಜನ್ನು ಕಣ್ಣಾರೆ ನೋಡಿ ಬನ್ನಿ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ, ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿದೆ, ತಾಳಗುಪ್ಪದಿಂದ ಸಾಗರ, ಶಿವಮೊಗ್ಗದ ಮೇಲೆ ಮೈಸೂರಿಗೆ ರೈಲಿದೆ. ಹಿಂದುಸ್ತಾನಿಯವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನೂ ನೋಡಿ. ಆಫೀಸಿನಲ್ಲಿ ಕೊಡುವ ಪುಸ್ತಕ ಆಮೇಲೆ ಓದಬಹುದು. ಮೊದಲು ಅಭ್ಯಾಸದ ಕೋಣೆಗಳ ಹೊರಗೆ ಅರ್ಧ ಗಂಟೆ ನಿಂತು ಕೇಳಿ. ಒಬ್ಬರು ತಪ್ಪಿದಾಗ ಉಳಿದವರು ನಗುತ್ತಾರಾ, ಸುಮ್ಮನಿರುತ್ತಾರಾ, ಸ್ವರ ಹಿಡಿದು ಕೊಡುತ್ತಾರಾ? ಓದುತ್ತಿರುವ ಮಕ್ಕಳನ್ನು ಕೇಳಿ, ವಾರದಲ್ಲಿ ಎಷ್ಟು ಸಲ ಮೇಷ್ಟರ ಎದುರು ಒಬ್ಬರೇ ಹಾಡಲು ಸಿಗುತ್ತದೆ, ತಬಲಾ ಸಾಥಿಗೆ ಯಾರಿದ್ದಾರೆ, ತಂಬೂರಿಗಳು ಬಳಕೆಯಲ್ಲಿವೆಯಾ ಅಥವಾ ಗವಸು ಹಾಕಿ ಮೂಲೆಯಲ್ಲಿ ನಿಂತಿವೆಯಾ. ಹಾಸ್ಟೆಲಿಗೂ ಹೋಗಿ, ಬೆಳಿಗ್ಗೆ ಐದೂವರೆಗೆ ಹಾಡಲು ಬಿಡುತ್ತಾರಾ ಅಂತ ವಾರ್ಡನ್ ಹತ್ತಿರ ಕೇಳಿ. ಇಲ್ಲ ಅಂದರೆ ಬೇಸರ ಮಾಡಿಕೊಳ್ಳದೆ ವಾಚ್‌ಮನ್ ಹತ್ತಿರ ಹೋಗಿ, ಮಕ್ಕಳು ಎಲ್ಲಿ ಹಾಡುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ. ನಮ್ಮಲ್ಲಿ ಅದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ.